ಲಾರಿಗೆ ಯಾವ ಬಣ್ಣ?

(ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಭೂಬಳಕೆ ನಕ್ಷೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಮನೆಗಳಿರುವ ಜಾಗಕ್ಕೆ ಹಳದಿ, ಕಾರ್ಖಾನೆಗಳಿಗೆ ನೇರಳೆ, ಉದ್ಯಾನಗಳಿಗೆ ಹಸಿರು, ನಡುನಡುವೆ ರಸ್ತೆಯ ಗೆರೆಗಳು. ಕೆಲವು ವರ್ಷಗಳ ಹಿಂದೆ ಇಂಥದೊಂದು ನಕ್ಷೆಯನ್ನು ತರಗತಿಯ ಗೋಡೆಗೆ ತೂಗುಹಾಕಿ ವಿವರಿಸುತ್ತಿದ್ದೆ. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಸರ್, ಲಾರಿಗೆ ಯಾವ ಬಣ್ಣ?’ ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಸಂಜೆ ಅದೇ ನಕ್ಷೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಾಗ ಪ್ರಶ್ನೆಯೂ ನನ್ನ ಜೊತೆಗೇ ಬಂತು. ಜನ ಎಲ್ಲಿ ಮಲಗುತ್ತಾರೆ, ಎಲ್ಲಿ ದುಡಿಯುತ್ತಾರೆ, ಎಲ್ಲಿ ಆಡುತ್ತಾರೆ ಎಂಬುದೆಲ್ಲ ಆ ನಕ್ಷೆಯಲ್ಲಿತ್ತು. ಅವರು ಉಣ್ಣುವುದು, ಉಡುವುದು, ಕಟ್ಟುವುದು, ಎಸೆಯುವುದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದರ ಸುಳಿವೇ ಇರಲಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ದೊಡ್ಡ ಸಂಗತಿಯೇನಲ್ಲ. ಲಾರಿ ಎಲ್ಲಿ ಓಡಬೇಕು, ಎಷ್ಟು ದೂರ ಓಡಬೇಕು ಎಂಬುದು ನಿರ್ಧಾರವಾಗುವುದು ನಕ್ಷೆಗೆ ಬಣ್ಣ ತುಂಬುವ ಮೇಜಿನ ಮೇಲೆ. ನಾವು ಅದರ ಬಗ್ಗೆ ಮಾತಾಡುವುದು ಮಾತ್ರ ಅದು ಸಿಗ್ನಲ್‌ನಲ್ಲಿ ನಮ್ಮ ಮುಂದೆ ಹೊಗೆ ಬಿಡುತ್ತಾ ನಿಂತಾಗ. ಅಷ್ಟು ಹೊತ್ತಿಗೆ ಹತ್ತು ವರ್ಷ ತಡವಾಗಿರುತ್ತದೆ. ಸಂಚಾರ ವಿಭಾಗದವರು ಅದಕ್ಕೊಂದು ನಿಷೇಧ ಹಾಕುತ್ತಾರೆ, ಒಂದು ದಂಡ ವಿಧಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ನೆಲಕ್ಕೂ ಸಾಗಣೆಗೂ ಇರುವ ನಂಟನ್ನು ಮೊದಲು ಲೆಕ್ಕ ಹಾಕಿ ತೋರಿಸಿದವನು ನಗರ ಯೋಜಕನೂ ಅಲ್ಲ, ಎಂಜಿನಿಯರನೂ ಅಲ್ಲ. ಜರ್ಮನಿಯ ಒಬ್ಬ ಜಮೀನ್ದಾರ. ಯೋಹಾನ್ ಹೈನ್ರಿಕ್ ಫಾನ್ ಥ್ಯೂನನ್ ತನ್ನ ಜಮೀನಿನ ಜಮಾಖರ್ಚನ್ನು ಮುಂದಿಟ್ಟುಕೊಂಡು ಒಂದು ಕಲ್ಪನೆ ಮಾಡಿದ. ವಿಶಾಲವಾದ ಬಯಲು, ಎಲ್ಲೆಡೆ ಒಂದೇ ತರಹದ ಮಣ್ಣು, ನಟ್ಟನಡುವೆ ಒಂದೇ ಒಂದು ನಗರ. ಯಾವ ಬೆಳೆ ಎಲ್ಲಿ ಗಿಟ್ಟುತ್ತದೆ? 1826ರಲ್ಲಿ ಅವನು ಪ್ರಕಟಿಸಿದ ಉತ್ತರ ಉಂಗುರ ಉಂಗುರವಾಗಿತ್ತು. ನಗರಕ್ಕೆ ತಾಗಿಕೊಂಡು ತರಕಾರಿ ಮತ್ತು ಹಾಲು, ಏಕೆಂದರೆ ಅವು ಬೇಗ ಕೆಡುತ್ತವೆ. ಅದರ ಮುಂದಿನ ಉಂಗುರ ಧಾನ್ಯದ್ದಿರಬೇಕು ಎಂದು ನಾವು ಊಹಿಸುತ್ತೇವೆ. ಅಲ್ಲ, ಕಾಡಿನದು! ಸೌದೆ ತೂಕಕ್ಕೆ ಹೆಚ್ಚು, ಬೆಲೆಗೆ ಕಡಿಮೆ; ದೂರದಿಂದ ಗಾಡಿಯಲ್ಲಿ ಹೇರಿ ತಂದರೆ ಬಾಡಿಗೆಯೇ ಅಸಲನ್ನು ನುಂಗುತ್ತದೆ. ಧಾನ್ಯ ಅದರಾಚೆ. ದನಗಳು ಎಲ್ಲಕ್ಕಿಂತ ಹೊರಗೆ, ಏಕೆಂದರೆ ದನಕ್ಕೆ ಗಾಡಿ ಬೇಡ, ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತದೆ. ನನಗೆ ಈ ಕೊನೆಯ ವಿವರ ಬಹಳ ಇಷ್ಟ. ಸಾಗಣೆಯನ್ನು ಅಷ್ಟು ಹತ್ತಿರದಿಂದ ನೋಡಿದವನಿಗೆ ಮಾತ್ರ ಅದು ಹೊಳೆಯುತ್ತದೆ.

ಥ್ಯೂನನ್‌ನ ಉಂಗುರಗಳನ್ನು ಹಿಗ್ಗಿಸುವುದು ಸುಲಭ, ಸಾಗಣೆಯ ಖರ್ಚನ್ನು ಇಳಿಸಿದರೆ ಸಾಕು. ರೈಲು ಅದನ್ನು ಮಾಡಿತು, ಲಾರಿ ಇನ್ನಷ್ಟು ಮಾಡಿತು. ಆದರೆ ಉಂಗುರವನ್ನೇ ಹರಿದು ಹಾಕಿದ್ದು ಒಂದು ಕಬ್ಬಿಣದ ಪೆಟ್ಟಿಗೆ.

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ‘ಐಡಿಯಲ್ ಎಕ್ಸ್’ ಎಂಬ ಹಡಗು ಹೊರಟಿತು. ಅದು ತೈಲ ಸಾಗಿಸುತ್ತಿದ್ದ ಹಳೆಯ ಹಡಗು. ಅದರ ಮೇಲೆ 58 ಕಂಟೇನರ್‌ಗಳನ್ನು ಇಟ್ಟಿದ್ದರು. ಈ ಯೋಜನೆಯ ಹಿಂದಿದ್ದ ಮಾಲ್ಕಮ್ ಮೆಕ್ಲೀನ್ ಮೂಲತಃ ಹಡಗಿನವನಲ್ಲ, ಲಾರಿ ಕಂಪನಿಯ ಮಾಲೀಕ. ಬಂದರಿನಲ್ಲಿ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ, ಜೋಡಿಸಿ, ಮತ್ತೆ ಲಾರಿಗೆ ಏರಿಸುವ ಬದಲು ಲಾರಿಯ ಮೈಯನ್ನೇ ಎತ್ತಿ ಹಡಗಿನ ಮೇಲಿಟ್ಟರೆ ಆಗದೇ ಎಂಬುದು ಅವನ ಯೋಚನೆ. ಇದರ ಕತೆಯನ್ನು ಸಾಮಾನ್ಯವಾಗಿ ವ್ಯಾಪಾರದ ಕತೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ನೆಲದ ಕತೆ.

ಏಕೆಂದು ನೋಡಿ. ಕಂಟೇನರ್ ಬರುವ ಮುಂಚೆ ಬಂದರಿಗೆ ಬೇಕಿದ್ದುದು ಹಡಗು ನಿಲ್ಲುವ ಉದ್ದನೆಯ ದಕ್ಕೆ, ಅದಕ್ಕೆ ಅಂಟಿಕೊಂಡ ಬಹುಮಹಡಿ ಉಗ್ರಾಣ, ಮತ್ತು ನಡೆದುಬರುವಷ್ಟು ಹತ್ತಿರದಲ್ಲಿ ವಾಸಿಸುವ ಸಾವಿರಾರು ಹಮಾಲಿಗಳು. ಹಾಗಾಗಿ ಬಂದರು ನಗರದ ಹೊಟ್ಟೆಯೊಳಗೇ ಇರಬೇಕಿತ್ತು. ಕಂಟೇನರ್‌ಗೆ ಇದ್ಯಾವುದೂ ಬೇಡ. ಅದಕ್ಕೆ ಬೇಕಾದದ್ದು ದೊಡ್ಡ ಕ್ರೇನು, ಆಳವಾದ ನೀರು, ಮತ್ತು ಪೆಟ್ಟಿಗೆಗಳನ್ನು ಹರವಿಡಲು ಸಪಾಟಾದ, ಅಗ್ಗದ, ಅಪಾರ ಬಯಲು. ಹಳೆಯ ನಗರದಲ್ಲಿ ಅಂಥ ಬಯಲು ಎಲ್ಲಿಂದ ಬರಬೇಕು? ನ್ಯೂಯಾರ್ಕಿನ ಮ್ಯಾನ್‌ಹಟ್ಟನ್ ಮತ್ತು ಬ್ರೂಕ್ಲಿನ್ ದಕ್ಕೆಗಳ ಕೆಲಸ ಕೊಲ್ಲಿಯಾಚೆ ನ್ಯೂಜೆರ್ಸಿಗೆ ಹೋಯಿತು. ಅಲ್ಲಿನ ಎಲಿಜಬೆತ್ ಟರ್ಮಿನಲ್ 1962ರಲ್ಲಿ ತೆರೆಯಿತು. ಲಂಡನ್‌ನಲ್ಲಿ 1967ರಲ್ಲಿ ಈಸ್ಟ್ ಇಂಡಿಯಾ ಡಾಕ್ ಮುಚ್ಚಿತು, ಒಂದರ ಹಿಂದೆ ಒಂದಾಗಿ ಉಳಿದವೂ ಮುಚ್ಚುತ್ತಾ 1981ಕ್ಕೆ ರಾಯಲ್ ಡಾಕ್ಸ್‌ವರೆಗೆ ಬಂತು. ಸರಕು ಥೇಮ್ಸ್ ನದಿಯ ಕೆಳಹರಿವಿನ ಟಿಲ್‌ಬರಿಗೆ, ನೂರಕ್ಕೂ ಹೆಚ್ಚು ಕಿ.ಮೀ. ದೂರದ ಫೀಲಿಕ್ಸ್‌ಸ್ಟೋಗೆ ಹೋಯಿತು. ವೆಸ್ಟ್ ಇಂಡಿಯಾ ಡಾಕ್ ಇದ್ದ ಜಾಗದಲ್ಲಿ ಇವತ್ತು ಕ್ಯಾನರಿ ವಾರ್ಫ್‌ನ ಗಾಜಿನ ಗೋಪುರಗಳಿವೆ. ‘ವಾರ್ಫ್’ ಎಂದರೆ ದಕ್ಕೆ. ಹೆಸರು ಉಳಿದಿದೆ, ಹಡಗು ಉಳಿದಿಲ್ಲ.

ಹಳೆಯ ದಕ್ಕೆಯಲ್ಲಿ ಕಚೇರಿ, ಮನೆ, ಹೋಟೆಲು ಕಟ್ಟಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಖಾಲಿ ಬಿದ್ದ ಉಗ್ರಾಣವನ್ನು ಇಲಿಗಳಿಗೆ ಬಿಡುವುದಕ್ಕಿಂತ ಅದು ಮೇಲು. ಆದರೆ ಲೆಕ್ಕದ ಇನ್ನೊಂದು ಬದಿಯನ್ನು ಯಾರೂ ಬರೆಯಲಿಲ್ಲ. ಆ ಹೊಸ ಮನೆ, ಕಚೇರಿಗಳಿಗೆ ಬೇಕಾದ ಸರಕು ಈಗ ನೀರಿನ ಮೇಲೆ ನಗರದ ನಡುವಿಗೆ ಬರುವುದಿಲ್ಲ, ಹೆದ್ದಾರಿಯಲ್ಲಿ ಬರುತ್ತದೆ. ನಗರ ತನ್ನ ಹಿತ್ತಿಲ ಬಾಗಿಲನ್ನು ಮುಚ್ಚಿ ಅಲ್ಲೊಂದು ಮಲಗುವ ಕೋಣೆ ಕಟ್ಟಿಕೊಂಡಿತು. ಈಗ ಸೌದೆಯೂ ಮುಂಬಾಗಿಲಿನಿಂದಲೇ ಬರಬೇಕು.

ಬಂದರಿನ ಕತೆ ದೊಡ್ಡದು, ಕಣ್ಣಿಗೆ ಕಾಣುವಂಥದು. ಅದಕ್ಕಿಂತ ಮೆಲ್ಲಗೆ, ಯಾರ ಗಮನಕ್ಕೂ ಬಾರದಂತೆ ನಡೆದದ್ದು ಗೋದಾಮುಗಳ ವಲಸೆ. ಫ್ರಾನ್ಸಿನ ಸಂಶೋಧಕಿ ಲಾಟೀಷಿಯಾ ದಬ್ಲಾಂಕ್ ಮತ್ತು ಅವರ ಸಂಗಡಿಗರು ಪ್ಯಾರಿಸ್ ಪ್ರದೇಶದ ಪಾರ್ಸೆಲ್ ಕಂಪನಿಗಳ ಗೋದಾಮುಗಳು 1970ರ ದಶಕದಲ್ಲಿ ಎಲ್ಲಿದ್ದವು, ಸುಮಾರು 35 ವರ್ಷಗಳ ನಂತರ ಎಲ್ಲಿವೆ ಎಂದು ಗುರುತು ಹಾಕಿ ನೋಡಿದರು. ಸರಾಸರಿ ಸುಮಾರು 10 ಕಿ.ಮೀ. ಹೊರಕ್ಕೆ ಸರಿದಿದ್ದವು. ಲಾಸ್ ಏಂಜಲೀಸ್‌ನಲ್ಲಿ 1998ರಿಂದ 2009ರ ನಡುವೆ, ಅಂದರೆ ಬರೀ ಹನ್ನೊಂದು ವರ್ಷಗಳಲ್ಲಿ, ಹೆಚ್ಚುಕಡಿಮೆ ಅಷ್ಟೇ ದೂರ. ಅದೇ ಅವಧಿಯಲ್ಲಿ ಸಿಯಾಟಲ್ ಪ್ರದೇಶದ ಗೋದಾಮುಗಳು ಹೆಚ್ಚೇನೂ ಕದಲಲಿಲ್ಲ. ಅಲ್ಲಿ ಒಂದು ಕಡೆ ನೀರು, ಇನ್ನೊಂದು ಕಡೆ ಬೆಟ್ಟ. ಜೊತೆಗೆ ನಗರ ಎಲ್ಲಿಯವರೆಗೆ ಬೆಳೆಯಬಹುದು ಎಂದು ಗೆರೆ ಎಳೆಯುವ ರಾಜ್ಯದ ಕಾನೂನು 1990ರಿಂದಲೇ ಇದೆ.

ಹತ್ತು ಕಿಲೋಮೀಟರು ಕೇಳಲು ಏನೂ ಅಲ್ಲ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 200 ವ್ಯಾನುಗಳಿರುವ ಗೋದಾಮು 10 ಕಿ.ಮೀ. ಹೊರಗೆ ಹೋಯಿತು ಎಂದುಕೊಳ್ಳಿ. ಪ್ರತಿ ವ್ಯಾನು ಬೆಳಿಗ್ಗೆ ಒಳಗೆ ಬರುವಾಗ ಹತ್ತು, ಸಂಜೆ ಮರಳುವಾಗ ಹತ್ತು, ಒಟ್ಟು 20 ಕಿ.ಮೀ. ಹೆಚ್ಚು ಓಡಬೇಕು. 200 ವ್ಯಾನಿಗೆ ದಿನಕ್ಕೆ 4,000 ಕಿ.ಮೀ. ವರ್ಷದಲ್ಲಿ 300 ದಿನ ಕೆಲಸವೆಂದರೆ 12 ಲಕ್ಷ ಕಿ.ಮೀ. ಇಷ್ಟು ಓಡಿದರೂ ಒಂದೇ ಒಂದು ಪೊಟ್ಟಣ ಹೆಚ್ಚಾಗಿ ಯಾರ ಮನೆಗೂ ತಲುಪಿಲ್ಲ. ಇದು ಒಂದು ಗೋದಾಮಿನ ಮಾತು. ಸಂಜೆಯ ಪಾಲಂತೂ ಹೆಚ್ಚಾಗಿ ಖಾಲಿ ಓಟ. ಬಾಡಿಗೆ ಇಲ್ಲದ, ಯಾರೂ ಹಣ ಕೊಡದ, ಆದರೂ ಎಲ್ಲರೂ ಉಸಿರಾಡಬೇಕಾದ ಓಟ.

ಹಾಗಾದರೆ ಕಂಪನಿಗಳು ಹೊರಗೆ ಹೋಗುವುದಾದರೂ ಏಕೆ? ಅವರ ಲೆಕ್ಕ ಸರಿಯಾಗಿಯೇ ಇದೆ. ನಗರದ ನಡುವೆ ನೆಲದ ಬಾಡಿಗೆ ಏರುತ್ತಾ ಹೋಯಿತು, ಡೀಸೆಲ್ ಮತ್ತು ಚಾಲಕನ ಸಂಬಳ ಅಷ್ಟು ಏರಲಿಲ್ಲ. ಅದರ ಮೇಲೆ ಇವತ್ತಿನ ಗೋದಾಮು ಹಿಂದಿನಂತೆ ಸರಕು ಕೂಡಿಡುವ ಕಣಜವಲ್ಲ. ಒಂದು ಬಾಗಿಲಿನಿಂದ ಒಳಬಂದದ್ದು ಕೆಲವೇ ಗಂಟೆಗಳಲ್ಲಿ ವಿಂಗಡಣೆಯಾಗಿ ಇನ್ನೊಂದು ಬಾಗಿಲಿನಿಂದ ಹೊರಡುವ ಜಾಗ. ಹಾಗಾಗಿ ಒಂದೇ ಅಂತಸ್ತು, ಎತ್ತರದ ಸೂರು, ಎರಡೂ ಬದಿಗೆ ಲಾರಿ ನಿಲ್ಲುವ ಕಟ್ಟೆ, ಹೊರಗೆ ಲಾರಿ ತಿರುಗುವಷ್ಟು ಅಂಗಳ. ಹೆದ್ದಾರಿಯ ಪಕ್ಕದ ಹೊಲದಲ್ಲಿ ಇದೆಲ್ಲ ಸಿಗುತ್ತದೆ. ಅಲ್ಲಿಯ ಸ್ಥಳೀಯಾಡಳಿತವೂ ತೆರಿಗೆ ಬರುತ್ತದೆಂದು ಕೈಬೀಸಿ ಕರೆಯುತ್ತದೆ. ಕಂಪನಿ ಉಳಿಸಿದ್ದು ಬಾಡಿಗೆ. ಆ ಉಳಿತಾಯದ ಒಂದು ಪಾಲನ್ನು ನಗರ ಹೊಗೆಯ ರೂಪದಲ್ಲಿ, ಸವೆದ ಡಾಂಬರಿನ ರೂಪದಲ್ಲಿ ತುಂಬಿಕೊಡುತ್ತಿದೆ. ಒಳಗಿನಿಂದ ನಗರವೇ ಅದನ್ನು ತಳ್ಳಿತು ಎಂಬುದನ್ನೂ ಮರೆಯಬಾರದು. ಹಳೆಯ ರೈಲು ಗೂಡ್ಸ್ ಯಾರ್ಡು, ಹಳೆಯ ಕೈಗಾರಿಕಾ ಪ್ರದೇಶ, ಸಗಟು ಮಾರುಕಟ್ಟೆ ಇವುಗಳ ನೇರಳೆ ಬಣ್ಣವನ್ನು ಅಳಿಸಿ ಹಳದಿ ಬಳಿಯುವುದು ಎಲ್ಲ ಕಡೆಯೂ ಜನಪ್ರಿಯ ಕೆಲಸ. ಯಾವ ಜನಪ್ರತಿನಿಧಿಯೂ ಲಾರಿ ನಿಲ್ದಾಣ ಉದ್ಘಾಟಿಸಲು ಹಂಬಲಿಸಿದ್ದನ್ನು ನಾನು ಕಂಡಿಲ್ಲ.

ಈ ಬಳಿಯುವಿಕೆ ಒಮ್ಮುಖ ರಸ್ತೆ. ನೇರಳೆ ಹಳದಿಯಾಗಬಹುದು, ಹಳದಿ ಎಂದೂ ನೇರಳೆಯಾಗುವುದಿಲ್ಲ. ಅಪಾರ್ಟ್‌ಮೆಂಟ್ ಕೆಡವಿ ಗೂಡ್ಸ್ ಯಾರ್ಡ್ ಮಾಡಿದ ಉದಾಹರಣೆ ನಿಮಗೆ ಗೊತ್ತಿದ್ದರೆ ಹೇಳಿ.

ಇನ್ನು ನಿಷೇಧದ ವಿಷಯ. ಜೂಲಿಯಸ್ ಸೀಸರನ ಕಾಲದ, ಸುಮಾರು ಕ್ರಿ.ಪೂ. 45ರ ಒಂದು ರೋಮನ್ ಕಾನೂನು ಕಂಚಿನ ಫಲಕದ ಮೇಲೆ ಉಳಿದು ಬಂದಿದೆ. ಸೂರ್ಯ ಹುಟ್ಟಿದಾಗಿನಿಂದ ಹಗಲಿನ ಹತ್ತನೆಯ ಗಂಟೆಯವರೆಗೆ, ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಸುಮಾರು ನಾಲ್ಕರವರೆಗೆ, ರೋಮ್ ನಗರದೊಳಗೆ ಗಾಡಿ ಓಡಿಸುವಂತಿಲ್ಲ. ದೇವಾಲಯ ಕಟ್ಟುವ ಸಾಮಗ್ರಿಗೆ, ಕೆಡವಿದ ಕಟ್ಟಡದ ಅವಶೇಷ ಹೊರುವ ಗಾಡಿಗೆ ವಿನಾಯಿತಿ ಇತ್ತು. ಸರಕಾರಿ ಗುತ್ತಿಗೆಗೆ ವಿನಾಯಿತಿ ಕೊಡುವ ಪದ್ಧತಿ ಎರಡು ಸಾವಿರ ವರ್ಷ ಹಳೆಯದು ಎಂದಾಯಿತು. ಪರಿಣಾಮವೇನು? ಒಂದೂವರೆ ಶತಮಾನದ ಬಳಿಕ ಕವಿ ಜುವೆನಾಲ್, ಇಕ್ಕಟ್ಟಿನ ಬೀದಿಗಳಲ್ಲಿ ತಿರುಗುವ ಗಾಡಿಗಳ ಗಲಾಟೆಯಿಂದ ರೋಮಿನಲ್ಲಿ ರಾತ್ರಿ ನಿದ್ದೆಯೇ ಇಲ್ಲ ಎಂದು ಗೊಣಗಿದ. ಲಂಡನ್ ಇದನ್ನು ತಿರುವಿ ಹಾಕಿತು. 1985ರಿಂದ ಅಲ್ಲಿ 18 ಟನ್‌ಗಿಂತ ಭಾರದ ಲಾರಿಗಳು ರಾತ್ರಿ ಮತ್ತು ವಾರಾಂತ್ಯದಲ್ಲಿ ನಗರದ ಬಹುಪಾಲು ರಸ್ತೆಗಳಿಗೆ ಇಳಿಯಲು ನಿರ್ಬಂಧವಿದೆ, ಜನ ಮಲಗಲಿ ಎಂದು. ಹಗಲಿನಲ್ಲಿ ತಡೆದರೆ ನಿದ್ದೆ ಕೆಡುತ್ತದೆ, ರಾತ್ರಿ ತಡೆದರೆ ಹಗಲಿನ ಸಂಚಾರ ಕೆಡುತ್ತದೆ. ಗಡಿಯಾರದ ಮುಳ್ಳನ್ನು ಎತ್ತ ತಿರುಗಿಸಿದರೂ ಸರಕಿನ ತೂಕ ಅಷ್ಟೇ.

ಗಡಿಯಾರ ಪೂರ್ತಿ ನಿರುಪಯೋಗಿ ಎಂದಲ್ಲ. 2009ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಹೋಸೆ ಹೋಲ್ಗಿನ್ ವೆರಾಸ್ ಎಂಬ ಸಂಶೋಧಕರ ತಂಡ ಸರಕನ್ನು ದಟ್ಟಣೆ ಇಲ್ಲದ ಹೊತ್ತಿನಲ್ಲಿ ತಲುಪಿಸುವ ಪ್ರಯೋಗ ಮಾಡಿತು. ಅವರ ತಿಳಿವಳಿಕೆಯಲ್ಲಿ ನನಗೆ ಮುಖ್ಯವೆನಿಸಿದ್ದು ಇದು: ಲಾರಿ ಯಾವ ಹೊತ್ತಿಗೆ ಬರಬೇಕೆಂದು ನಿರ್ಧರಿಸುವುದು ಲಾರಿಯವನಲ್ಲ, ಸರಕು ತೆಗೆದುಕೊಳ್ಳುವ ಅಂಗಡಿಯವನು. ಅವನು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದರೆ ಲಾರಿ ಹತ್ತಕ್ಕೇ ಬರಬೇಕು. ಲಾರಿಯವನಿಗೆ ದಂಡ ಹಾಕಿದರೆ ಅವನು ಅದನ್ನು ವ್ಯವಹಾರದ ಖರ್ಚಿಗೆ ಬರೆದುಕೊಂಡು ಮರುದಿನವೂ ಹತ್ತಕ್ಕೇ ಬರುತ್ತಾನೆ. ರಾತ್ರಿ ಸರಕು ಇಳಿಸಿಕೊಳ್ಳಬೇಕಾದರೆ ಕಟ್ಟಡದಲ್ಲಿ ಬೀಗ ಹಾಕಿದ ಪ್ರತ್ಯೇಕ ಕೋಣೆ ಇರಬೇಕು, ಸದ್ದು ಮಾಡದ ನೆಲಹಾಸು ಇರಬೇಕು. ಅಂದರೆ ಮತ್ತೆ ಕಟ್ಟಡದ ನಕ್ಷೆಗೇ ಬಂದೆವು.

ಅದೇ ಸಂಶೋಧಕರು ಹೇಳುವ ಇನ್ನೊಂದು ಸಂಗತಿ ನನ್ನಂಥ ಯೋಜಕರ ಕಿವಿ ಹಿಂಡುತ್ತದೆ. ಕಟ್ಟಡದ ವಿಸ್ತೀರ್ಣ ದುಪ್ಪಟ್ಟಾದರೆ ಬರುವ ಲಾರಿಗಳೂ ದುಪ್ಪಟ್ಟು ಎಂದು ನಾವು ಕೋಷ್ಟಕ ಮಾಡಿಟ್ಟುಕೊಂಡಿದ್ದೇವೆ. ಬಹಳಷ್ಟು ಬಗೆಯ ವ್ಯಾಪಾರಗಳಲ್ಲಿ ಹಾಗಾಗುವುದಿಲ್ಲ. ದೊಡ್ಡ ಅಂಗಡಿ ಒಂದೇ ಸಲಕ್ಕೆ ದೊಡ್ಡ ಲೋಡು ತರಿಸುತ್ತದೆ. ಸಣ್ಣ ಅಂಗಡಿ ಸಣ್ಣ ಸಣ್ಣ ಕಂತಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸಲ ತರಿಸುತ್ತದೆ. ಹಾಗಾಗಿ ಒಂದು ಬೃಹತ್ ಮಳಿಗೆಗಿಂತ ಅಷ್ಟೇ ಜಾಗದಲ್ಲಿರುವ ನಲವತ್ತು ಪುಟ್ಟ ಅಂಗಡಿಗಳು ಬಹಳ ಹೆಚ್ಚು ವ್ಯಾನುಗಳನ್ನು ಕರೆಯುತ್ತವೆ. ಕೆಳಗೆ ಅಂಗಡಿ, ಮೇಲೆ ಮನೆ, ನಡೆದಾಡುವ ಬೀದಿ ಎಂಬ ಮಿಶ್ರ ಬಳಕೆಯನ್ನು ನಾವೆಲ್ಲ ಎರಡು ದಶಕಗಳಿಂದ ಹಾಡಿ ಹೊಗಳುತ್ತಿದ್ದೇವೆ. ನಾನೂ ಆ ಭಜನೆಯವನೇ, ಈಗಲೂ ಬಿಟ್ಟಿಲ್ಲ. ಆದರೆ ಆ ಸುಂದರ ಚಿತ್ರಗಳಲ್ಲಿ ಮರ ಇರುತ್ತದೆ, ಸೈಕಲ್ ಇರುತ್ತದೆ, ಬಲೂನು ಹಿಡಿದ ಮಗು ಇರುತ್ತದೆ. ಸರಕು ಇಳಿಸುತ್ತಿರುವ ವ್ಯಾನು ಮಾತ್ರ ಇರುವುದಿಲ್ಲ. ಒಮ್ಮೆ ದೊಡ್ಡ ವಸತಿ ಸಮುಚ್ಚಯವೊಂದರ ನಕ್ಷೆ ಪರಿಶೀಲನೆಗೆ ನನ್ನನ್ನು ಕರೆದಿದ್ದರು. ಮನೆ ಬದಲಾಯಿಸುವವರ ಲಾರಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಕಾಗದಗಳ ಸದ್ದು. ಕೊನೆಗೆ ಒಬ್ಬರು ಬೆರಳಿಟ್ಟದ್ದು ಅಗ್ನಿಶಾಮಕ ವಾಹನಕ್ಕೆ ಮೀಸಲಿಟ್ಟ ದಾರಿಯ ಮೇಲೆ.

ಸರಿ, ಬರೀ ದೂರುವುದು ಬೇಡ. ನೆಲವನ್ನೂ ಸರಕನ್ನೂ ಒಟ್ಟಿಗೆ ಯೋಚಿಸಿದವರು ಇಲ್ಲವೇ? ಇದ್ದಾರೆ. ನ್ಯೂಯಾರ್ಕಿಗೇ ಮತ್ತೆ ಹೋಗೋಣ. ಅಲ್ಲಿ ಹತ್ತನೆಯ ಅವೆನ್ಯೂದಲ್ಲಿ ಗೂಡ್ಸ್ ರೈಲು ಬೀದಿಯ ಮೇಲೆಯೇ ಓಡುತ್ತಿತ್ತು. ಜನ ಸತ್ತು ಸತ್ತು ಅದಕ್ಕೆ ಸಾವಿನ ಬೀದಿ ಎಂದೇ ಹೆಸರು ಬಂದಿತ್ತು. ರೈಲಿನ ಮುಂದೆ ಕುದುರೆ ಸವಾರರು ಬಾವುಟ ಹಿಡಿದು ಜನರನ್ನು ಸರಿಸುತ್ತಿದ್ದರು. 1934ರಲ್ಲಿ ಆ ಹಳಿಯನ್ನು ಎತ್ತರಕ್ಕೆ ಏರಿಸಿದರು. ಏರಿಸಿದ್ದು ಬೀದಿಯ ಮೇಲಲ್ಲ, ಕಟ್ಟಡಗಳ ಸಾಲಿನ ನಡುವೆ. ರೈಲು ಕಾರ್ಖಾನೆ, ಉಗ್ರಾಣಗಳ ಮೇಲಂತಸ್ತಿನೊಳಗೇ ಹೊಕ್ಕು ಮಾಂಸ, ಹಾಲು, ಹಿಟ್ಟನ್ನು ಇಳಿಸುತ್ತಿತ್ತು. ಕೆಳಗಿನ ಬೀದಿಗೆ ಗೊತ್ತೇ ಆಗುತ್ತಿರಲಿಲ್ಲ. ಕಟ್ಟಡ ಮತ್ತು ಸಾಗಣೆ ಒಂದೇ ನಕ್ಷೆಯಲ್ಲಿದ್ದ ಅಪರೂಪದ ಉದಾಹರಣೆ ಅದು. ಲಾರಿ ಬಂತು, ಕಾರ್ಖಾನೆಗಳು ಹೊರಟವು, 1980ರಲ್ಲಿ ಕೊನೆಯ ರೈಲು ಓಡಿತು. 2009ರಲ್ಲಿ ಅದು ‘ಹೈ ಲೈನ್’ ಎಂಬ ಉದ್ಯಾನವಾಯಿತು. ಜಗತ್ತಿನ ಯೋಜಕರೆಲ್ಲ ಅಲ್ಲಿಗೆ ಹೋಗಿ ಹೂಗಿಡಗಳ ಫೋಟೊ ತೆಗೆದುಕೊಂಡು ಬರುತ್ತಾರೆ. ಹಳಿ ಹೊಕ್ಕಿದ್ದ ಗೋಡೆಯ ರಂಧ್ರಗಳನ್ನು ನೋಡಿ ಬಂದವರು ಕಡಿಮೆ.

ಜಪಾನ್ 1966ರಲ್ಲಿ ಸರಕು ವಿತರಣೆಗೆಂದೇ ನಗರ ಪ್ರದೇಶಗಳನ್ನು ಮೀಸಲಿಡುವ ಕಾನೂನು ಮಾಡಿತು. ಟೋಕಿಯೊ ಸುತ್ತ ಕೆಯ್‌ಹಿನ್, ಇತಬಾಶಿ, ಅದಾಚಿ, ಕಸಾಯ್ ಎಂಬ ನಾಲ್ಕು ದಿಕ್ಕಿನ ನಾಲ್ಕು ಲಾರಿ ಟರ್ಮಿನಲ್‌ಗಳು ಅಂಥ ಯೋಚನೆಯ ಫಲ: ದೂರದ ದೊಡ್ಡ ಲಾರಿ ಅಲ್ಲಿ ನಿಲ್ಲಲಿ, ಸಣ್ಣ ವಾಹನ ಒಳಗೆ ಹೋಗಲಿ. ಜರ್ಮನಿಯ ಬ್ರೆಮೆನ್ 1985ರಲ್ಲಿ, ಇಟಲಿಯ ಬೊಲೊನ್ಯಾ ಅದಕ್ಕೂ ಮುಂಚೆ 1971ರಲ್ಲಿ, ರೈಲು ಮತ್ತು ಲಾರಿ ಸೇರುವ ಜಾಗದಲ್ಲಿ ಗೋದಾಮುಗಳನ್ನು ಒಂದೆಡೆ ಕೂಡಿಸುವ ಸರಕು ಕೇಂದ್ರ ಮಾಡಿದವು. ಒಂದೊಂದು ಗೋದಾಮು ಒಂದೊಂದು ಹೊಲದಲ್ಲಿ ಚದುರಿದರೆ ರೈಲು ಯಾವುದರ ಬಾಗಿಲಿಗೂ ಹೋಗಲಾರದು. ಐವತ್ತು ಗೋದಾಮು ಒಟ್ಟಿಗಿದ್ದರೆ ಹಳಿ ಹಾಕುವುದು ಗಿಟ್ಟುತ್ತದೆ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ರಾಟರ್‌ಡ್ಯಾಮ್. ಆ ಬಂದರು ನಗರದ ನಡುವಿನಿಂದ ಹೊರಟು ನದಿಯುದ್ದಕ್ಕೂ ಸಮುದ್ರದ ಕಡೆಗೆ ತೆವಳುತ್ತಾ, ಕೊನೆಗೆ ಸಮುದ್ರವನ್ನೇ ತುಂಬಿ ನೆಲ ಮಾಡಿಕೊಂಡಿತು. ಮಾಸ್‌ವ್ಲಾಕ್ಟೆ 2 ಎಂಬ ಆ ಹೊಸ ನೆಲ 2013ರಲ್ಲಿ ಬಳಕೆಗೆ ಬಂತು. ಅಲ್ಲಿ ಟರ್ಮಿನಲ್ ಕಟ್ಟುವ ಕಂಪನಿಗಳಿಗೆ ನೆಲ ಗುತ್ತಿಗೆ ಕೊಡುವಾಗಲೇ ಒಂದು ಷರತ್ತು ಹಾಕಿದರು. 2030ರ ದಶಕದ ಮಧ್ಯದ ಹೊತ್ತಿಗೆ ಒಳನಾಡಿಗೆ ಹೋಗುವ ಕಂಟೇನರ್‌ಗಳಲ್ಲಿ ರಸ್ತೆಯ ಪಾಲು ಶೇ. 35ಕ್ಕಿಂತ ಹೆಚ್ಚಿರಬಾರದು, ಉಳಿದದ್ದು ದೋಣಿಯಲ್ಲಿ ಮತ್ತು ರೈಲಿನಲ್ಲಿ ಹೋಗಬೇಕು. ನೋಡಿ, ಲಾರಿಗೆ ದಂಡವಿಲ್ಲ, ರಸ್ತೆಯಲ್ಲಿ ತಡೆಯಿಲ್ಲ. ಸಾಗಣೆಯ ನಿಯಮ ಭೂಮಿಯ ಗುತ್ತಿಗೆ ಪತ್ರದೊಳಗಿದೆ. ನೆಲದ ಒಡೆತನ ಕೈಯಲ್ಲಿದ್ದಾಗಲೇ ಮಾತು ನಡೆಯುತ್ತದೆ. ಮಾರಿದ ಮೇಲೆ ಬರೀ ಮನವಿ ಪತ್ರ.

ಲಂಡನ್ ಕೂಡ ತಡವಾಗಿಯಾದರೂ ಪಾಠ ಕಲಿತಿತು. ಥೇಮ್ಸ್ ದಡದಲ್ಲಿ ಉಳಿದ ದಕ್ಕೆಗಳಲ್ಲಿ ಕೆಲವನ್ನು 1990ರ ದಶಕದಿಂದ ಕಾನೂನಿನ ರಕ್ಷಣೆಯಡಿ ಇಟ್ಟಿದ್ದಾರೆ. ಬಿಲ್ಡರುಗಳು ಎಷ್ಟೇ ಆಸೆಪಟ್ಟರೂ ಅವನ್ನು ಸುಲಭವಾಗಿ ಮನೆ ಮಾಡುವಂತಿಲ್ಲ. ಜಲ್ಲಿ, ಮರಳು, ತ್ಯಾಜ್ಯ ಅಲ್ಲಿ ನೀರಿನ ಮೇಲೆ ಬಂದು ಹೋಗುತ್ತವೆ. ಮರಳಿನ ರಾಶಿಯ ಪಕ್ಕದಲ್ಲಿ ಐಷಾರಾಮಿ ಮನೆ ಕೊಂಡವರು ಮರುತಿಂಗಳೇ ಧೂಳೆಂದು ದೂರು ಕೊಡುವುದುಂಟಲ್ಲ? ಇಂಗ್ಲೆಂಡಿನ ಯೋಜನಾ ನೀತಿ 2018ರಲ್ಲಿ ಅದಕ್ಕೂ ಉತ್ತರ ಕೊಟ್ಟಿತು. ಮೊದಲೇ ಇದ್ದ ಉದ್ಯಮದ ಪಕ್ಕಕ್ಕೆ ಹೊಸದಾಗಿ ಬರುವವರೇ ಸದ್ದು, ಧೂಳು ತಡೆಯುವ ವ್ಯವಸ್ಥೆ ಮಾಡಿಕೊಳ್ಳಬೇಕು. ಪ್ಯಾರಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೋದಾಮನ್ನು ನಗರದೊಳಕ್ಕೆ ಮರಳಿ ಕರೆಯುತ್ತಿದೆ. 2013ರಲ್ಲಿ ಬೋಗ್ರೆನೆಲ್ ಬಡಾವಣೆಯ ಅರೆಖಾಲಿ ಕಾರ್ ಪಾರ್ಕಿಂಗ್ ಒಂದನ್ನು ಪಾರ್ಸೆಲ್ ವಿಂಗಡಿಸುವ ಜಾಗ ಮಾಡಿದರು. 2018ರಲ್ಲಿ ಲಾ ಶಪೆಲ್‌ನ ಹಳೆಯ ರೈಲು ಜಾಗದಲ್ಲಿ ಒಂದು ಕಟ್ಟಡ ಎದ್ದಿತು. ಅದರೊಳಕ್ಕೇ ಹಳಿ ಬರುತ್ತದೆ, ಗೋದಾಮಿದೆ, ಕಚೇರಿಗಳಿವೆ, ಛಾವಣಿಯ ಮೇಲೆ ಆಟದ ಅಂಗಳ ಮತ್ತು ತರಕಾರಿ ತೋಟ. ಥ್ಯೂನನ್‌ನ ಮೊದಲ ಉಂಗುರ ಗೋದಾಮಿನ ತಲೆಯ ಮೇಲೆ ಬಂದು ಕೂತಿದೆ.

ಹೊರಗೆ ತಳ್ಳಿದ ಗೋದಾಮಿನ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನು ಹೇಳದೆ ಮುಗಿಸಲಾರೆ. ಲಾಸ್ ಏಂಜಲೀಸ್‌ನ ಬಂದರುಗಳಿಂದ ಒಳನಾಡಿಗೆ ಸುಮಾರು 100 ಕಿ.ಮೀ. ದೂರದಲ್ಲಿ ‘ಇನ್‌ಲ್ಯಾಂಡ್ ಎಂಪೈರ್’ ಎಂಬ ಪ್ರದೇಶವಿದೆ. ಒಂದು ಕಾಲದ ದ್ರಾಕ್ಷಿ, ಕಿತ್ತಳೆ ತೋಟ; ಈಗ ಕಣ್ಣು ಹಾಯಿಸಿದಷ್ಟು ದೂರ ಬಿಳಿ ಗೋದಾಮು. ಬಂದರಿನಿಂದ ನಗರದ ರೈಲು ಯಾರ್ಡುಗಳವರೆಗೆ 32 ಕಿ.ಮೀ. ಉದ್ದದ ಅಲಮೀಡಾ ಸರಕು ರೈಲು ಮಾರ್ಗವನ್ನು 2002ರಲ್ಲಿ ತೆರೆದರು. ಅದರ ಅರ್ಧದಷ್ಟು ಭಾಗ ನೆಲದ ಮಟ್ಟಕ್ಕಿಂತ ಕೆಳಗೆ, ಕಂದಕದಲ್ಲಿ ಓಡುತ್ತದೆ. ಸುಮಾರು 200 ಲೆವೆಲ್ ಕ್ರಾಸಿಂಗ್‌ಗಳ ಕಾಟ ತಪ್ಪಿತು. ಒಳ್ಳೆಯ ಕೆಲಸವೇ. ಆದರೆ ರೈಲಿಗೆ ದೂರ ಬೇಕು. ದೇಶದ ಇನ್ನೊಂದು ತುದಿಗೆ ಹೋಗುವ ಪೆಟ್ಟಿಗೆ ರೈಲು ಹತ್ತುತ್ತದೆ, 100 ಕಿ.ಮೀ. ಆಚೆಯ ಗೋದಾಮಿಗೆ ಹೋಗುವ ಪೆಟ್ಟಿಗೆ ಲಾರಿಯನ್ನೇ ಹತ್ತುತ್ತದೆ. ಆ ಗೋದಾಮುಗಳು ರೈಲಿಗೆ ತೀರಾ ಹತ್ತಿರ, ನಗರಕ್ಕೆ ತೀರಾ ದೂರ. ನಡುವೆ ಸಿಕ್ಕಿಬಿದ್ದವರು ಬಡಾವಣೆಗಳ ಜನ, ಶಾಲೆಯ ಮಕ್ಕಳು.

ಅಲ್ಲಿನ ವಾಯು ಗುಣಮಟ್ಟ ಮಂಡಳಿ 2021ರ ಮೇ ತಿಂಗಳಲ್ಲಿ ಒಂದು ನಿಯಮ ತಂದಿತು. ಒಂದು ಲಕ್ಷ ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಗೋದಾಮುಗಳನ್ನು ಮಾಲಿನ್ಯದ ‘ಪರೋಕ್ಷ ಮೂಲ’ ಎಂದು ಪರಿಗಣಿಸುವ ನಿಯಮ. ಗೋದಾಮಿಗೆ ಚಿಮಣಿ ಇಲ್ಲ. ಆದರೆ ಅದು ಕರೆಯುವ ಲಾರಿಗಳಿಗೆ ಹೊಗೆಕೊಳವೆ ಇದೆ. ಆದ್ದರಿಂದ ವಿದ್ಯುತ್ ಲಾರಿ, ಸೌರ ಫಲಕ ಮುಂತಾದವುಗಳಿಂದ ಅಂಕ ಗಳಿಸಬೇಕು, ಇಲ್ಲವೇ ಶುಲ್ಕ ಕಟ್ಟಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಸರಕಾರವೂ ಹೊಸ ದೊಡ್ಡ ಗೋದಾಮುಗಳ ಸರಕು ಕಟ್ಟೆಗಳು ಮನೆ, ಶಾಲೆಗಳಿಂದ ಇಂತಿಷ್ಟು ದೂರ ಇರಬೇಕು, ಸ್ಥಳೀಯಾಡಳಿತಗಳು ಲಾರಿ ಮಾರ್ಗಗಳನ್ನು ಗುರುತಿಸಬೇಕು ಎಂಬ ಕಾನೂನು ಮಾಡಿತು. ಲಾರಿಯನ್ನು ಕರೆದದ್ದು ಕಟ್ಟಡ ಎಂದು ಕಾನೂನು ಬಾಯಿಬಿಟ್ಟು ಹೇಳಿತಲ್ಲ, ನನಗೆ ಅದು ಸಮಾಧಾನ. ಗೋದಾಮುಗಳು ಎದ್ದು ನಿಂತ ಮೇಲೆ ಹೇಳಿತು ಎಂಬುದು ಬೇರೆ ಮಾತು.

ಪ್ರಶ್ನೋತ್ತರದಲ್ಲಿ ಯುವಕರೊಬ್ಬರು, ಡ್ರೋನ್ ಬಂದರೆ ಇದೆಲ್ಲ ಅಪ್ರಸ್ತುತವಾಗುವುದಿಲ್ಲವೇ ಎಂದು ಕೇಳಿದರು. ಡ್ರೋನ್ ಔಷಧದ ಪೊಟ್ಟಣ ತರಬಹುದು. ಸಿಮೆಂಟು, ಅಕ್ಕಿ, ಗ್ಯಾಸ್ ಸಿಲಿಂಡರು, ಸೋಫಾ ತರಲಾರದು. ಪೊಟ್ಟಣಕ್ಕಾದರೂ ಡ್ರೋನ್ ಹಾರಿ ಬರುವ ತಾಣ ಮನೆಗಳಿಗೆ ಹತ್ತಿರವೇ ಇರಬೇಕು, ಏಕೆಂದರೆ ಅದರ ಬ್ಯಾಟರಿ ಹೆಚ್ಚು ದೂರ ಬಾರದು. ಆ ತಾಣಕ್ಕೆ ನಕ್ಷೆಯಲ್ಲಿ ಯಾವ ಬಣ್ಣ ಎಂದು ನಾನೇ ಅವರನ್ನು ಕೇಳಿದೆ.

ಎರಡನೆಯ ಪ್ರಶ್ನೆ ಕೇಳಿದವರು ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಹಿರಿಯರು, ಮೂವತ್ತು ವರ್ಷ ಲಾರಿ ಓಡಿಸಿದವರು. ‘ನೀವು ಸರಕಿನ ಜಾಗದ ಬಗ್ಗೆ ಹೇಳಿದಿರಿ ಸಾರ್. ಡ್ರೈವರ್ ಎಲ್ಲಿ ಮಲಗಬೇಕು?’ ಎಂದರು. ಈ ಸಲ ಸಭೆ ನಗಲಿಲ್ಲ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ಅಮೆರಿಕದಲ್ಲಿ 11 ಗಂಟೆ ಓಡಿಸಿದ ಮೇಲೆ ನಿಲ್ಲಿಸಲೇಬೇಕು ಎಂದು ಕಾನೂನಿದೆ ಎಂದು ಹೇಳಿದೆ. ಎಲ್ಲಿ ನಿಲ್ಲಿಸಬೇಕು ಎಂದು ಆ ಕಾನೂನು ಹೇಳುವುದಿಲ್ಲ ಎಂದೂ ಹೇಳಬೇಕಾಯಿತು. ಲಾರಿ ನಿಲ್ದಾಣಕ್ಕೆ ಜಾಗ ಕೊಡಬೇಕಾದದ್ದು, ಯಾವ ನೆಲದಲ್ಲಿ ಏನಿರಬಹುದೆಂದು ಹೇಳುವ ಸ್ಥಳೀಯ ವಲಯ ನಿಯಮ. ಅಕ್ಕಪಕ್ಕದವರು ಬೇಡವೆನ್ನುತ್ತಾರೆ, ನಿಯಮವೂ ಬೇಡವೆನ್ನುತ್ತದೆ, ಚಾಲಕ ಹೆದ್ದಾರಿಯ ಇಳಿಜಾರಿನ ಅಂಚಿನಲ್ಲಿ ದೀಪ ಆರಿಸಿ ಮಲಗುತ್ತಾನೆ. ಅಮೆರಿಕದ ಸಂಸತ್ತು 2012ರಲ್ಲಿ ಲಾರಿ ನಿಲುಗಡೆಯ ಕೊರತೆಯನ್ನು ಸಮೀಕ್ಷೆ ಮಾಡಲೇಬೇಕೆಂದು ಕಾನೂನು ಮಾಡಿದ್ದು, ಹಾಗೆ ನಿಲ್ಲಿಸಲು ಜಾಗವಿಲ್ಲದೆ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಮಲಗಿದ್ದ ಚಾಲಕರೊಬ್ಬರು ಕೊಲೆಯಾದ ನಂತರ.

ಹಿರಿಯರು ತಲೆಯಾಡಿಸಿ, ತಾವು ಯಾವಾಗಲೂ ಲಾರಿಯ ಕೆಳಗೇ ಮಲಗುತ್ತಿದ್ದುದಾಗಿಯೂ, ಮಳೆ ಬಂದರೆ ಸರಕಿನ ಮೇಲಿನ ತಾಡಪಾಲಿನ ಒಂದು ಮೂಲೆ ಎಳೆದುಕೊಳ್ಳುತ್ತಿದ್ದುದಾಗಿಯೂ ಹೇಳಿದರು.